ಮೂರುಮೂಲೆ ಪಟ್ಟಿಗಳು

ಪಶ್ಚಿಮ ಫಾಕ್ಲೆಂಡ್ ದ್ವೀಪದ ಒಂದು ಕೊಲ್ಲಿಯ ಅಂಚಿನಲ್ಲಿ ಇದ್ದದ್ದು ಒಂದೇ ಮನೆ, ಆ ಮನೆಯಲ್ಲಿ ಇದ್ದವಳು ಊನಾ ಒಬ್ಬಳೇ. "ಈ ಗಾಳಿಯ ಸಹವಾಸ ಸಾಕು" ಎಂದು ಗಂಡ ಪಟ್ಟಣ ಸೇರಿ ಒಂಬತ್ತು ವರ್ಷವಾಗಿತ್ತು. ಜಗಳವೇನೂ ಆಗಿರಲಿಲ್ಲ. ಅವನು ಹೋದ, ಅವಳು ಎರಡು ಸಾವಿರ ಕುರಿ, ಮೂರು ನಾಯಿಗಳ ಜೊತೆ ಉಳಿದಳು.

ಕುರಿಗಳ ಹಿಂದೆ ಓಡಾಡಲು ನಾಲ್ಕು ಗಾಲಿಯ ಒಂದು ಹಳೆಯ ಕ್ವಾಡ್ ಬೈಕಿತ್ತು. ಚಳಿಗಾಲ ಹಿಡಿಯುವ ಹೊತ್ತಿಗೆ ಅದು ಕಲ್ಲುಗಳ ಮೇಲೆ ಎಗರಿಬಿದ್ದು, ಹಿಂದಿನ ಗಾಲಿಗಳ ತೋಳು ಕೂರುವ ಜಾಗದಲ್ಲಿ ಚಾಸಿ, ಅಂದರೆ ಅಡಿಯ ಕಬ್ಬಿಣದ ಚೌಕಟ್ಟು, ಸೀಳಿಹೋಯಿತು. ಊನಾ ಅದನ್ನು ಜೀಪಿಗೆ ಕಟ್ಟಿ ಎಳೆದು ತಂದಳು. ಇಂಜಿನ್ನು, ಗಾಲಿ, ತಂತಿ ಎಲ್ಲ ಬಿಚ್ಚಿ ಬರೀ ಎಲುಬುಗೂಡು ಉಳಿಸಿಕೊಂಡು ವಿಲ್ಫ್‌ಗೆ ಫೋನು ಮಾಡಿದಳು.

ವಿಲ್ಫ್ ನಲವತ್ತು ವರ್ಷ ಆ ದ್ವೀಪದ ಯಂತ್ರಗಳನ್ನೆಲ್ಲ ರಿಪೇರಿ ಮಾಡಿದ ಮುದುಕ. ಈಗ ಕಣ್ಣು ಮಂಜಾಗಿ ಪಟ್ಟಣದಲ್ಲಿ ತಂಗಿಯ ಮಗಳ ಮನೆಯಲ್ಲಿದ್ದ.

"ಸೀಳಿನ ಮೇಲೆ ಸುಮ್ನೆ ವೆಲ್ಡಿಂಗ್ ಮೆತ್ತಿದ್ರೆ ಪಕ್ಕದಲ್ಲೇ ಇನ್ನೊಂದು ಸೀಳತ್ತೆ ಹುಡುಗಿ. ಮೊದ್ಲು ಸೀಳಿನ ತುದೀಲಿ ತೂತು ಕೊರಿ, ಅದು ಮುಂದಕ್ಕೆ ಓಡಬಾರದು. ಆಮೇಲೆ ಮೂಲೆಮೂಲೆಗೂ ಕಬ್ಬಿಣದ ಮೂರುಮೂಲೆ ಪಟ್ಟಿ ಕೂರಿಸು."

"ಹುಡುಗೀನಾ? ಐವತ್ತಾರು ನಂಗೆ, ವಿಲ್ಫ್ ಮಾಮ."

"ಸರಿ, ವೆಲ್ಡಿಂಗ್ ಮಾಡು, ಸದ್ದು ಕೇಳಿ ಹೇಳ್ತೀನಿ ಎಷ್ಟು ವಯಸ್ಸು ಅಂತ."

ಅವಳು ಫೋನನ್ನು ಬೆಂಚಿನ ಮೇಲಿಟ್ಟು ಕಿಡಿ ಹಾರಿಸಿದಳು.

"ನಿಲ್ಸು, ನಿಲ್ಸು! ಪಟಪಟ ಅಂತಿದೆ, ರಾಡು ದೂರ ಹೋಯ್ತು. ಬಾಣಲೇಲಿ ಕೊಬ್ಬು ಹುರಿದ ಹಾಗೆ ಒಂದೇ ಸಮ ಕೇಳ್ಬೇಕು. ಆರು ವರ್ಷದವಳು ನೀನು!"

ಬಹಳ ದಿನಗಳ ಮೇಲೆ ಊನಾ ಜೋರಾಗಿ ನಕ್ಕಳು. ನಾಯಿಗಳು ತಲೆಯೆತ್ತಿ ನೋಡಿದವು.

ಒಂದೇ ಕಡೆ ಸುಟ್ಟರೆ ಚಾಸಿ ಸೊಟ್ಟಗಾಗುತ್ತದೆಂದು ವಿಲ್ಫ್ ಎಡಕ್ಕೊಂದು ಇಂಚು, ಬಲಕ್ಕೊಂದು ಇಂಚು ಹಾಕಿಸಿದ. ಬಲಗಡೆಯದು ಕೆಟ್ಟಿತೆಂದು ಮೂರು ಸಲ ಉಜ್ಜಿ ತೆಗೆಸಿದ. ಹೀಗೆ ಐದು ವಾರ, ದಿನವೂ ಮಧ್ಯಾಹ್ನ. ಬರಬರುತ್ತ ಕೆಲಸಕ್ಕಿಂತ ಮಾತೇ ಹೆಚ್ಚಾಯಿತು. ಒಂದು ದಿನ ಅವನು ಚಾಸಿಯ ಸುದ್ದಿಯನ್ನೇ ಎತ್ತಲಿಲ್ಲ.

"ನಿನ್ನ ಕಿಟಕಿಯಿಂದ ಏನು ಕಾಣ್ತಿದೆ, ಹೇಳು."

"ಏನಿದೆ... ಸಮುದ್ರ. ಎರಡು ಬಾತು. ಆಚೆ ಗುಡ್ಡದ ಮೇಲೆ ಹಿಮ, ಅರ್ಧಕ್ಕೆ."

"ಅರ್ಧಕ್ಕೇನಾ," ಎಂದ ವಿಲ್ಫ್.

ಕೊನೆಯ ಪಟ್ಟಿಯೂ ಕೂತು, ಬಣ್ಣ ಬಳಿದದ್ದಾಯಿತು.

"ಹಾಗಾದ್ರೆ ಮುಗೀತು," ಎಂದ.

"ಮುಗೀತು, ಮಾಮ."

ಊನಾ ಫೋನಿಟ್ಟು ಬಣ್ಣದ ಬ್ರಷ್ಷು ತೊಳೆಯಲು ಹೋದಳು.

ಮರುದಿನ ಮಧ್ಯಾಹ್ನ ಫೋನು ಮಾಡಲು ಊನಾಳಿಗೆ ನೆಪ ಸಿಗಲಿಲ್ಲ. ಸುಮ್ಮನೆ ಮಾಡಲು ನಾಚಿಕೆ. ಬೈಕಿಗೆ ಇಂಜಿನ್ನು, ಗಾಲಿ ಜೋಡಿಸುತ್ತ ಹನ್ನೊಂದು ದಿನ ಕಳೆದಳು. ಹನ್ನೆರಡನೆಯ ದಿನ ಬೈಕು ಹತ್ತಿ, ಗುಡ್ಡದಾಚೆಯ ಕುರಿಗಳನ್ನೆಲ್ಲ ಕಲ್ಲುಗಳ ಮೇಲೇ ಹಾದು ದೊಡ್ಡಿಗೆ ಹೊಡೆದುಕೊಂಡು ಬಂದಳು. ಇಳಿದವಳೇ ಕೆಸರಿನಲ್ಲಿ ಮಲಗಿ ಬೈಕಿನಡಿಯ ಪಟ್ಟಿಗಳ ಮೇಲೆ ಬೆರಳಾಡಿಸಿದಳು. ಕೂದಲೆಳೆಯಷ್ಟೂ ಬಿರುಕಿರಲಿಲ್ಲ. ಕೈ ಕೂಡ ತೊಳೆಯದೆ ಫೋನಿಗೆ ಓಡಿದಳು.

ಎತ್ತಿದ್ದು ಅವನ ತಂಗಿಯ ಮಗಳು ಮರ್ಲ್. "ಮಾವ ಇಲ್ವಲ್ಲ, ಊನಾ. ಕಣ್ಣಿನ ಆಪರೇಷನ್‌ಗೆ ಅಂತ ಸೋಮವಾರದ ವಿಮಾನದಲ್ಲಿ ಹೋದ್ರು. ನಿಮಗೆ ಹೇಳಿರ್ಲಿಲ್ವಾ?"

"ಇಲ್ಲ."

"ವಾಪಸ್ ಬರೋಕೆ ಎರಡು ತಿಂಗಳಾದ್ರೂ ಆಗತ್ತಂತೆ. ಏನಾದ್ರೂ ಹೇಳ್ಬೇಕಿತ್ತಾ?"

ಊನಾ ಕಿಟಕಿಯಾಚೆ ನೋಡಿದಳು. "ಏನಿಲ್ಲ. ಕುರಿ ಎಲ್ಲ ಬಂದ್ವು ಅಂತ ಹೇಳಿ."

ಫೋನಿಟ್ಟು, ಒಲೆಯ ಮುಂದೆ ಒಂದು ಗಳಿಗೆ ಕೂತಳು. ಹೊರಗೆ ದೊಡ್ಡಿಯ ತುಂಬ ಕುರಿಗಳು ಅರಚುತ್ತಿದ್ದವು. ನಾಯಿಗಳಿಗೆ ಇನ್ನೂ ಮಾಂಸ ಹಾಕಿರಲಿಲ್ಲ. ಎದ್ದು ಕೋಟು ತೊಟ್ಟಳು.