ಇಲ್ಲದ ಬೆಲೆಯ ಸಕ್ಕರೆ ಚೀಟಿ

ದರ ಪರಿಷ್ಕರಣೆ ಎಂದರೆ ದರ ಏರುತ್ತದೆ ಎಂದೇ ಅರ್ಥ. ಇಳಿದ ದರವನ್ನು ಯಾರಾದರೂ ಪರಿಷ್ಕರಣೆ ಎಂದು ಕರೆದದ್ದನ್ನು ನಾನು ಕಂಡಿಲ್ಲ, ನೀವೂ ಕಂಡಿಲ್ಲ. ಆದರೂ ಆ ಪದ ಕಿವಿಗೆ ಬಿದ್ದಾಗಲೆಲ್ಲ ಒಂದು ಗಳಿಗೆ ತಲೆ ಕೆರೆದುಕೊಳ್ಳುತ್ತೇವೆ. ಆ ಪದವನ್ನು ಹುಟ್ಟಿಸಿದ್ದೇ ಆ ಒಂದು ಗಳಿಗೆಗಾಗಿ.

ಎಪ್ಪತ್ತಾರರ ಜೂನ್ ಇಪ್ಪತ್ತನಾಲ್ಕು, ಗುರುವಾರ. ನಮ್ಮ ನೂಲಿನ ಗಿರಣಿಗಳ ಊರಿನಲ್ಲಿ ಲಿಯೊಕಾದಿಯಾ ವಾಂಸಿಕ್ ಅವರ ಮನೆ ತುಂಬ ಜನ. ಲೋಜಾ ಎಂದೇ ನಾವೆಲ್ಲ ಕರೆಯುತ್ತಿದ್ದ ಆಕೆಗೆ ಆಗ ನಲವತ್ತೊಂದು. ಸಹಕಾರಿ ಸಂಘದ ಹದಿನಾಲ್ಕನೇ ನಂಬರಿನ ದಿನಸಿ ಅಂಗಡಿಯಲ್ಲಿ ಹಿಟ್ಟು ತೂಗುವ ಹುಡುಗಿಯಾಗಿ ಸೇರಿ, ಹದಿನೇಳು ವರ್ಷ ಕಾಲು ಊದಿಸಿಕೊಂಡು ನಿಂತು, ಹಿಂದಿನ ವರ್ಷವಷ್ಟೇ ಅದರ ಮ್ಯಾನೇಜರ್ ಆಗಿದ್ದಳು. ನಮ್ಮ ಕಟ್ಟಡದಲ್ಲಿ ಒಂದೇ ಮೆಟ್ಟಿಲು ಹಂಚಿಕೊಂಡಿದ್ದ ಎಂಟು ಮನೆಗಳಲ್ಲಿ ಚಿತ್ರ ಅಲುಗಾಡದ ಟಿವಿ ಇದ್ದದ್ದು ಅವಳ ಮನೆಯಲ್ಲಿ ಮಾತ್ರ. ಗುರುವಾರ ಬಂತೆಂದರೆ ಪತ್ತೇದಾರಿ ನಾಟಕ ನೋಡಲು ನಾವು ನಮ್ಮ ನಮ್ಮ ಸ್ಟೂಲು ಹೊತ್ತುಕೊಂಡು ಹೋಗುತ್ತಿದ್ದೆವು. ಕೊಲೆಗಾರ ಯಾರು ಎಂದು ಮೊದಲೇ ಹೇಳಿಬಿಡುವ ಚಟ ಕೆಳಮನೆಯ ಪೆಲಾಗಿಯಾ ಅಜ್ಜಿಗೆ. ಅವಳು ಹೇಳಿದವರು ಯಾವತ್ತೂ ಕೊಲೆಗಾರರಾಗಿರಲಿಲ್ಲ.

ಆವತ್ತು ನಾಟಕಕ್ಕೆ ಮೊದಲು ಪ್ರಧಾನಿಯ ಭಾಷಣ ಬಂತು. ಆಹಾರದ ಬೆಲೆಗಳ ಪರಿಷ್ಕರಣೆಯ ಪ್ರಸ್ತಾಪವಿದೆ, ದುಡಿಯುವ ಜನರೊಂದಿಗೆ ಸಮಾಲೋಚನೆ ಮಾಡುತ್ತೇವೆ ಎಂದರು. ಮಾಂಸ, ಬೆಣ್ಣೆ, ಸಕ್ಕರೆ. ಸಕ್ಕರೆ ಹೆಚ್ಚುಕಡಿಮೆ ದುಪ್ಪಟ್ಟು. ಐದಾರು ವರ್ಷದಿಂದ ಕದಲದೆ ಕೂತಿದ್ದ ಬೆಲೆಗಳು ಅವು. ಹೋದ ಸಲ ಅವು ಕದಲಿದಾಗ ಸಮುದ್ರ ತೀರದ ಊರುಗಳಲ್ಲಿ ಮುಷ್ಕರ ಹೂಡಿದವರ ಮೇಲೆ ಗುಂಡು ಹಾರಿತ್ತು. ಅದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ.

"ಏರಿಸಿದ್ರಾ, ಇಲ್ವಾ?" ಎಂದಳು ಪೆಲಾಗಿಯಾ ಅಜ್ಜಿ.

"ಪ್ರಸ್ತಾಪ ಅಂದ್ರಲ್ಲಜ್ಜಿ, ಇನ್ನೂ ಏರಿಲ್ಲ. ನಮ್ಮನ್ನ ಕೇಳ್ತಾರಂತೆ," ಎಂದ ಲೋಜಾಳ ಗಂಡ ಝೆನೊನ್. ಮಗ್ಗ ರಿಪೇರಿಯವನು, ಯಾವುದನ್ನೂ ಬಿಚ್ಚಿ ನೋಡದೆ ನಂಬುವವನಲ್ಲ, ಆದರೆ ಆವತ್ತು ನಂಬಿದ್ದ.

"ನನ್ನನ್ನ ಮದುವೆಗೇ ಯಾರೂ ಕೇಳ್ಲಿಲ್ಲ, ಸಕ್ಕರೆಗೆ ಕೇಳ್ತಾರಾ? ಹೋಗಲಿ, ಮ್ಯಾನೇಜರಮ್ಮ, ನಾಳೆ ಅಂಗಡೀಲಿ ಸಕ್ಕರೆ ಎಸೀತಾರಾ?"

ನಮ್ಮಲ್ಲಿ ಸರಕು ಬಂತು ಎನ್ನುವುದಿಲ್ಲ, ಎಸೆದರು ಎನ್ನುತ್ತೇವೆ. ನಾಯಿಗೆ ಎಸೆದ ಹಾಗೆ.

ಲೋಜಾ ಆಗಲೇ ಅಂಗಡಿಯ ಬೀಗದ ಕೈ ಹುಡುಕುತ್ತಿದ್ದಳು. ಮಂಗಳವಾರವೇ ಸಂಘದ ಕಚೇರಿಯಿಂದ ಅವಳ ಕೈಗೆ ಅರಗಿನ ಮುದ್ರೆ ಒತ್ತಿದ ದಪ್ಪ ಲಕೋಟೆಯೊಂದು ಬಂದಿತ್ತು. ಹೇಳುವ ತನಕ ಒಡೆಯಬಾರದು ಎಂದು ಬರೆಸಿಕೊಂಡು ಕೊಟ್ಟಿದ್ದರು. ಭಾಷಣ ಮುಗಿದೊಡನೆ ಒಡೆದು ಎಣಿಸಬೇಕು ಎಂಬ ಅಪ್ಪಣೆ ಆವತ್ತು ಮಧ್ಯಾಹ್ನವಷ್ಟೇ ಫೋನಿನಲ್ಲಿ ಬಂದಿತ್ತು. ನಾಟಕ ಬಿಟ್ಟು ಅಂಗಡಿಗೆ ಹೋದಳು, ಒಡೆದಳು. ಒಳಗೆ ನೂರಹನ್ನೆರಡು ಬೆಲೆಚೀಟಿಗಳು, ಅಂದವಾಗಿ ಅಚ್ಚಾದವು. ಭಾನುವಾರ ಅಂಗಡಿ ಮುಚ್ಚಿಕೊಂಡು ಇವನ್ನು ಅಂಟಿಸಿ ಎಂಬ ಒಂದು ಹಾಳೆ.

ಇನ್ನೂ ಕೇಳಬೇಕಾದ ಪ್ರಶ್ನೆಗೆ ಉತ್ತರ ಆಗಲೇ ಅಚ್ಚಾಗಿ ಕೂತಿತ್ತು. ಲೋಜಾಗೆ ಇದು ಅರ್ಥವಾಗಲಿಲ್ಲ. ಅವಳು ಧೈರ್ಯಸ್ಥೆ, ಹೋರಾಟಗಾರ್ತಿ ಎಂದು ಈಗ ಕೆಲವರು ಕಥೆ ಕಟ್ಟುತ್ತಾರೆ. ಸುಳ್ಳು. ಅವಳಿಗೆ ನಿಜವಾಗಿಯೂ ಅರ್ಥವಾಗಲಿಲ್ಲ, ಅಷ್ಟೇ. ಅರ್ಥವಾಗದ್ದನ್ನು ಅರ್ಥವಾಯಿತು ಎಂದು ನಟಿಸಲು ಬಾರದಿದ್ದದ್ದೇ ಅವಳ ತಪ್ಪು.

ಶುಕ್ರವಾರ ಬೆಳಿಗ್ಗೆ ಅಂಗಡಿ ತೆರೆಯುವ ಮುಂಚೆ ಸಂಘದಿಂದ ಹಿಪೊಲಿತ್ ಬೊರೂತಾ ಎಂಬ ಅಧಿಕಾರಿ ಸಮಾಲೋಚನೆಗೆ ಬಂದ. ದುಡಿಯುವ ಜನ ಎಂದರೆ ಲೋಜಾ ಮತ್ತು ಇಬ್ಬರು ಮಾರಾಟದ ಹುಡುಗಿಯರು. ಬೊರೂತಾ ಭಾಷಣವನ್ನೇ ಇನ್ನೊಮ್ಮೆ ಓದಿ, "ನಿಮ್ಮ ಅಭಿಪ್ರಾಯ ಹೇಳಿ, ಸಂಕೋಚ ಬೇಡ," ಎಂದ. ಆಮೇಲೆ ಗಡಿಯಾರ ನೋಡಿಕೊಂಡ.

ಲೋಜಾ ಲಕೋಟೆಯಿಂದ ಸಕ್ಕರೆಯ ಚೀಟಿ ತೆಗೆದು ಅವನ ಮುಂದೆ ಹಿಡಿದಳು.

"ಸಾರ್, ನಾವು ಬೇಡ ಅಂದ್ರೆ ಬೇರೆ ಲಕೋಟೆ ಯಾವಾಗ ಬರುತ್ತೆ?"

"ಏನಂದ್ರಿ?"

"ಅಲ್ಲ, ಇದರಲ್ಲಿ ಬೆಲೆ ಅಚ್ಚಾಗ್ಬಿಟ್ಟಿದೆ. ನಾವೀಗ ಜಾಸ್ತಿ ಆಯ್ತು, ಕಮ್ಮಿ ಮಾಡಿ ಅಂತೀವಿ ಅಂತಿಟ್ಕೊಳ್ಳಿ. ಆಗ ಹೊಸಾ ಚೀಟಿ ಬರ್ಬೇಕಲ್ವಾ? ಭಾನುವಾರ ನನ್ನ ತಂಗಿ ಮಗುವಿನ ನಾಮಕರಣ ಇದೆ, ಊರಿಗೆ ಹೋಗೋದಾ ಬೇಡ್ವಾ ಅಂತ ಕೇಳಿದೆ."

ಹುಡುಗಿಯೊಬ್ಬಳು ಕಿಸಕ್ಕನೆ ನಕ್ಕಳು. ಬೊರೂತಾನ ಕಿವಿ ಕೆಂಪಾಯಿತು. ತನ್ನ ಪುಸ್ತಕದಲ್ಲಿ ಬರೆದುಕೊಂಡದ್ದನ್ನು ಗಟ್ಟಿಯಾಗಿ ಓದಿದ: "ಸಿಬ್ಬಂದಿ ಪ್ರಸ್ತಾಪವನ್ನು ಅರ್ಥಮಾಡಿಕೊಂಡು ಜಾರಿಯ ಕುರಿತು ಉಪಯುಕ್ತ ಪ್ರಶ್ನೆ ಕೇಳಿದರು." ಎದ್ದು ಹೊರಟ.

ಅಷ್ಟರಲ್ಲಿ ಬಾಗಿಲ ಗಾಜಿಗೆ ಮೂಗು ಒತ್ತಿಕೊಂಡು ಅರವತ್ತು ಜನ ನಿಂತಿದ್ದರು. ಗಾಬರಿಯಲ್ಲಿ ಲೋಜಾ ಆ ಚೀಟಿಯನ್ನು ಏಪ್ರನ್ನಿನ ಜೇಬಿಗೆ ತುರುಕಿಕೊಂಡು ಬಾಗಿಲು ತೆರೆದಳು. ತಲೆಗೆ ಎರಡು ಕಿಲೋ, ಕಿಲೋಗೆ ಹತ್ತೂವರೆ ಝ್ಲೋತಿಯಂತೆ, ಹಳೇ ಬೆಲೆ. ಒಳಗಿಂದ ಒಂದು ಚೀಲವನ್ನೂ ಅವಳು ಬಚ್ಚಿಡಲಿಲ್ಲ. ಗಂಡನನ್ನೂ ಸಾಲಿನ ಕೊನೆಗೆ ಅಟ್ಟಿದಳು. ಝೆನೊನ್‌ಗೆ ಸಿಕ್ಕಿದ್ದು ಬರೀ ಸಾಸಿವೆ.

ಜೇಬಿನಿಂದ ಇಣುಕುತ್ತಿದ್ದ ಚೀಟಿ ಪೆಲಾಗಿಯಾ ಅಜ್ಜಿಯ ಕಣ್ಣಿಗೆ ಬಿತ್ತು. ಕೌಂಟರಿನ ಮೇಲೆ ಬಗ್ಗಿ ಎಳೆದೇಬಿಟ್ಟಳು.

"ಅಯ್ಯೋ ದೇವರೇ, ಅಚ್ಚು ಹಾಕ್ಸಿಟ್ಟಿದಾರೆ ಕಣ್ರೇ!"

"ಅಜ್ಜಿ, ಕೊಡಿ ಇಲ್ಲಿ! ಅದು ಎಣಿಸಿದ ಚೀಟಿ!"

"ತಡಿಯಮ್ಮ, ನೋಡಿ ಕೊಡ್ತೀನಿ."

"ನಂಗೂ ತೋರ್ಸಿ ಅಜ್ಜಿ."

"ಹಿಂದಕ್ಕೆ ಕೊಡಿ, ಹಿಂದಿನವರೂ ಮನುಷ್ಯರೇ!"

ಚೀಟಿ ಕೈಯಿಂದ ಕೈಗೆ ಹೋಯಿತು. ಬಾಗಿಲು ದಾಟಿ ಬೀದಿಯವರೆಗೆ ಹೋಯಿತು. ಲೋಜಾ ಒಂದು ಕೈಯಲ್ಲಿ ಸಕ್ಕರೆ ಕೊಡುತ್ತ, "ವಾಪಸ್ ಕೊಡ್ರೀ, ದಮ್ಮಯ್ಯ ಅಂತೀನಿ," ಎಂದು ಕೂಗುತ್ತಲೇ ಇದ್ದಳು. ಹತ್ತು ಗಂಟೆಗೆ ಸಕ್ಕರೆ ಮುಗಿಯಿತು. ಚೀಟಿ ಬರಲಿಲ್ಲ.

ಆವತ್ತಿನ ದಿನ ಊರಿಗೆ ಊರೇ ದಾರಿ ತಪ್ಪಿದಂತಿತ್ತು. ಎಲ್ಲೋ ರೈಲು ಹಳಿ ಕಿತ್ತಿದ್ದಾರಂತೆ ಎಂದು ಒಬ್ಬ. ಎಲ್ಲೋ ಆಳುವ ಪಕ್ಷದ ಕಚೇರಿ ಹೊತ್ತಿ ಉರಿಯುತ್ತಿದೆಯಂತೆ ಎಂದು ಇನ್ನೊಬ್ಬ. ಗಡಿಯಾಚೆಯ ಮ್ಯೂನಿಕ್ಕಿನ ರೇಡಿಯೊ ಏನೋ ಹೇಳುತ್ತಿತ್ತು, ಆದರೆ ಅದು ಕೇಳಿಸದಿರಲೆಂದು ನಮ್ಮವರೇ ಎಬ್ಬಿಸಿದ ಗೊರಗೊರ ಸದ್ದಿನಲ್ಲಿ ಊರಿನ ಹೆಸರೇ ಕೇಳಿಸಲಿಲ್ಲ. ನಮ್ಮ ರೇಡಿಯೊ ಮಧ್ಯಾಹ್ನವಿಡೀ ಪೋಲ್ಕಾ ಕುಣಿತದ ಸಂಗೀತ ನುಡಿಸಿತು. ಇಷ್ಟೊಂದು ಪೋಲ್ಕಾ ಹಾಕಿದ್ದಾರೆ ಎಂದರೆ ಏನೋ ಕೆಟ್ಟದ್ದೇ ಆಗಿದೆ ಎಂದ ಝೆನೊನ್.

ಸಂಜೆ ಲೋಜಾಳ ಟಿವಿಯಲ್ಲಿ ಮತ್ತೆ ಪ್ರಧಾನಿ. ಜನರಿಂದ ಅಮೂಲ್ಯ ಸಲಹೆಗಳು ಬಂದಿವೆ, ಅವನ್ನು ಪರಿಶೀಲಿಸಬೇಕು, ಆದ್ದರಿಂದ ಪ್ರಸ್ತಾಪ ಹಿಂದಕ್ಕೆ. ಎರಡೇ ನಿಮಿಷ. ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

"ಅಂದ್ರೆ ಏರಿಸ್ಲಿಲ್ಲ?"

"ಏರಿಸ್ಲಿಲ್ಲ ಅಜ್ಜಿ."

"ನಿನ್ನೆ ಏರಿಸಿದ್ರಲ್ಲ?"

"ಏರಿಸ್ತೀವಿ ಅಂದಿದ್ರು."

"ಮತ್ತೆ ನಾನು ಎರಡು ಸಲ ಸಾಲಲ್ಲಿ ನಿಂತು ನಾಲ್ಕು ಕಿಲೋ ತಂದ್ನಲ್ಲೋ, ಅದನ್ನೇನು ಮಾಡ್ಲಿ?"

ಎಲ್ಲರೂ ಗೊಳ್ಳೆಂದು ನಕ್ಕರು. ಯಾರೋ ಲೋಜಾಳ ಬೆನ್ನು ತಟ್ಟಿ, "ನಿನ್ನ ಅಮೂಲ್ಯ ಸಲಹೆ ಕೇಳಿಬಿಟ್ಟರು ಕಣೆ!" ಎಂದರು. ಅವಳೂ ನಕ್ಕಳು. ಅವಳು ಮನಸಾರೆ ನಕ್ಕದ್ದನ್ನು ನಾನು ನೋಡಿದ್ದು ಅದೇ ಕೊನೆ.

ಸೋಮವಾರ ಬೊರೂತಾ ಲಕೋಟೆ ವಾಪಸು ಪಡೆಯಲು ಬಂದ. ಎಣಿಸಿದ. ನೂರಹನ್ನೊಂದು. ಪಂಚನಾಮೆಯ ಹಾಳೆ ತೆಗೆದ. ಮಾರಾಟದ ಹುಡುಗಿಯೊಬ್ಬಳು ಪಕ್ಕದಲ್ಲೇ ಇದ್ದು ಕೇಳಿಸಿಕೊಂಡ ಮಾತು ಇದು. ಅವಳೇ ನನಗೆ ಹೇಳಿದ್ದು.

"ಕಳೆದ ವಸ್ತು ಏನು ಅಂತ ಬರೀರಿ, ಮ್ಯಾನೇಜರಮ್ಮ."

"ಸಕ್ಕರೆ ಬೆಲೆಚೀಟಿ."

"ಅದರ ಮೇಲೆ ಏನಿತ್ತು, ಬರೀರಿ."

"ಬೆಲೆ ಇತ್ತು." ಬರೆಯಲು ಹೊರಟಳು.

"ಏಯ್, ಆ ಬೆಲೆ ಬರೀಬೇಡಿ! ಆ ಬೆಲೆ ಇಲ್ಲ."

"ಇಲ್ಲ ಅಂದ್ರೆ?"

"ಅಂಥ ಬೆಲೆ ಯಾವತ್ತೂ ಇರ್ಲಿಲ್ಲ. ಪ್ರಸ್ತಾಪ ಮಾತ್ರ."

"ಹಾಗಾದ್ರೆ ಸಕ್ಕರೆ ಚೀಟಿ ಕಳೆದೇ ಇಲ್ಲ ಸಾರ್. ನೋಡಿ, ಅಲ್ಲೇ ನೇತಾಡ್ತಿದೆ, ಹತ್ತೂವರೆ."

"ಆ ಚೀಟಿ ಅಲ್ಲ!"

"ಮತ್ಯಾವ್ದು?"

"ಕಳೆದದ್ದು!"

ಕೊನೆಗೆ ಬೆಲೆಯ ಜಾಗದಲ್ಲಿ ಒಂದು ಗೆರೆ ಎಳೆದರು. ಗುರುವಾರದೊಳಗೆ ಚೀಟಿ ಬರದಿದ್ದರೆ ಮ್ಯಾನೇಜರ್ ಕುರ್ಚಿ ಬಿಡಬೇಕು ಎಂದ ಬೊರೂತಾ. ಹೊರಗೆ ಹೋದ ಚೀಟಿ ಜನರನ್ನು ಕೆರಳಿಸಲು ಬಳಕೆಯಾಗಿರಬಹುದು ಎಂದು ಮೇಲಿನವರು ಅನುಮಾನಿಸಿದ್ದರಂತೆ. ಕೆರಳಿಸುವಂಥದ್ದನ್ನು ಅಚ್ಚು ಹಾಕಿಸಿದವರು ಯಾರು ಎಂಬ ಅನುಮಾನ ಮೇಲಿನವರಿಗೆ ಬರಲಿಲ್ಲ.

ಮೂರು ಸಂಜೆ ಲೋಜಾ ಮನೆ ಮನೆ ಅಲೆದಳು. ಸಾಲಿನಲ್ಲಿ ನಿಂತವರ ಮುಖಗಳೆಲ್ಲ ಅವಳಿಗೆ ಗೊತ್ತು. ಯಾರ ಮಗುವಿಗೆ ಯಾವ ಹಾಲುಪುಡಿ ಎಂಬುದೂ ಗೊತ್ತು. ಪೆಲಾಗಿಯಾ ಅಜ್ಜಿ, "ನಾನು ಹಿಂದಿನವಳಿಗೆ ಕೊಟ್ಟೆ," ಎಂದಳು. ಹಿಂದಿನವಳು ತನ್ನ ಹಿಂದಿನವನನ್ನು ತೋರಿಸಿದಳು. ಅವನು ತಾನು ಸಾಲಿನಲ್ಲೇ ಇರಲಿಲ್ಲ ಎಂದ. ಅವನ ಅಡುಗೆಮನೆಯಲ್ಲಿ ಹದಿನಾಲ್ಕನೇ ನಂಬರಿನ ಸಕ್ಕರೆ ಚೀಲ ಕಾಣುತ್ತಿತ್ತು.

ನಡುವೆ ಮಂಗಳವಾರ ಪೀಟರ್, ಪಾಲ್ ಸಂತರ ಹೆಸರ ಹಬ್ಬ, ಆ ಹೆಸರಿನವರು ಊಟ ಹಾಕುವ ದಿನ. ಪಾಲ್ ಎಂದರೆ ನಮ್ಮಲ್ಲಿ ಪಾವೆಲ್. ಗಿರಣಿಯ ಮೇಸ್ತ್ರಿ ಪಾವೆಲ್ ಗ್ವಿಜ್ದಾನ ಮನೆಯಲ್ಲಿ ಊಟ, ವೋಡ್ಕಾ, ಅಕಾರ್ಡಿಯನ್. ಒಂದು ಸುತ್ತು ಕುಡಿದ ಮೇಲೆ ಪಾವೆಲ್, "ಈಗ ನಿಮಗೆ ಸಿನಿಮಾ ತೋರಿಸ್ತೀನಿ, ಟಿಕೆಟ್ಟಿಲ್ಲ," ಎನ್ನುತ್ತ ಕಪಾಟಿನಿಂದ ಒಂದು ಚಿಕ್ಕ ರಟ್ಟು ತೆಗೆದು ಗಾಜಿನ ತಟ್ಟೆಯ ಮೇಲಿಟ್ಟ. ಸಕ್ಕರೆ ಚೀಟಿ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಅದಕ್ಕೊಂದು ಸಲಾಮು ಹೊಡೆದು ಲೋಟ ಎತ್ತಿದರು. ನಾನೂ ಎತ್ತಿದೆ.

ಆಮೇಲೆ ಅವನನ್ನು ಮೂಲೆಗೆ ಕರೆದು ಹೇಳಿದೆ: "ಪಾವೆಲ್, ಇದನ್ನ ಲೋಜಾಗೆ ಕೊಟ್ಬಿಡು. ಅವಳ ಕೆಲಸ ಹೋಗುತ್ತೆ."

"ಕೊಡ್ತೀನಿ ಮಾರಾಯ. ಯಾರು ಕೊಟ್ರು ಅಂತ ಬೊರೂತಾ ಕೇಳ್ತಾನೆ. ಅವಳು ಏನು ಹೇಳ್ತಾಳೆ? ಅವಳಿಗೆ ಸುಳ್ಳು ಬರುತ್ತಾ?"

"ಬರಲ್ಲ."

"ಅದಕ್ಕೇ ಕೊಡಲ್ಲ."

ನನಗೂ ಗಿರಣಿಯಲ್ಲಿ ಕೆಲಸವಿತ್ತು. ಪಾವೆಲ್ ನನ್ನ ಪಾಳಿಯ ಮೇಸ್ತ್ರಿ. ಮೆಟ್ಟಿಲಿನಲ್ಲಿ ಲೋಜಾ ಎದುರಾಗಿ, "ನಿಮಗೇನಾದ್ರೂ ಗೊತ್ತಾಯ್ತಾ?" ಎಂದಾಗ ಇಲ್ಲ ಎಂದೆ. ಆ ವಾರ ಪತ್ರಿಕೆಗಳು ಗಲಭೆ ಮಾಡಿದವರನ್ನು ಕಿಡಿಗೇಡಿಗಳು ಎಂದು ಬೈಯುತ್ತಿದ್ದವು. ಕ್ರೀಡಾಂಗಣಗಳಿಗೆ ಬಸ್ಸಿನಲ್ಲಿ ಜನರನ್ನು ತುಂಬಿಕೊಂಡು ಹೋಗಿ ಸರ್ಕಾರಕ್ಕೆ ಚಪ್ಪಾಳೆ ತಟ್ಟಿಸುತ್ತಿದ್ದರು. ನಾವು ಆ ಪತ್ರಿಕೆಗಳಿಗೆ ಉಗಿಯುತ್ತಿದ್ದೆವು. ಸುಳ್ಳು ಬರೆಯುತ್ತಾರೆ ಎಂದು ಉಗಿಯುತ್ತಿದ್ದೆವು!

ಗುರುವಾರ ಲೋಜಾ ಬೀಗದ ಕೈ ಒಪ್ಪಿಸಿದಳು. ಅಂಗಡಿಯ ಹಿಂದಿನ ಶೆಡ್ಡಿನಲ್ಲಿ ಖಾಲಿ ಬಾಟಲಿ ಕೊಳ್ಳುವ ಕಿಟಕಿಗೆ ಅವಳನ್ನು ಹಾಕಿದರು. ಆಗಸ್ಟಿನಲ್ಲಿ ಸಕ್ಕರೆಗೆ ಕೂಪನ್ ಬಂತು. ಅದನ್ನೂ ಕೂಪನ್ ಎನ್ನಲಿಲ್ಲ, ಸರಕಿನ ಟಿಕೆಟ್ ಎಂದರು. ಕೂಪನ್ ಇಲ್ಲದವರಿಗೆ ಹೆಚ್ಚು ಬೆಲೆಯ ಸಕ್ಕರೆ ಬೇರೆ ಇತ್ತು. ಏರದ ಬೆಲೆ ಹೀಗೆ ಹಿಂಬಾಗಿಲಿನಿಂದ ಬಂದು ಕೂತಿತು. ಲೋಜಾ ಬಾಟಲಿಯ ಕಿಟಕಿಯಿಂದ ನನ್ನನ್ನು ಕೇಳಿದಳು: "ಆ ಬೆಲೆ ಇರ್ಲೇ ಇಲ್ಲ ಅಂದ್ರಲ್ಲ, ಮತ್ತೆ ನನ್ನ ಕೆಲಸ ಯಾಕೆ ಹೋಯ್ತು?" ಕೋಪದಿಂದಲ್ಲ. ತಿಳಿಯದ್ದನ್ನು ಕೇಳುವ ಹಾಗೆ ಕೇಳಿದಳು. ನಾನು ಬಾಟಲಿ ಎಣಿಸುವವನಂತೆ ತಲೆ ತಗ್ಗಿಸಿದೆ.

ಇದೆಲ್ಲ ಆಗಿ ಐದು ವರ್ಷ. ಈಗ ಮುಷ್ಕರಗಳಾದವು, ಕಾರ್ಮಿಕರದೇ ಹೊಸ ಸಂಘಟನೆ ಬಂತು, ನನ್ನಂಥ ಶಾಲೆ ಮುಗಿಸದವನೂ ಹೀಗೆ ಅಂಕಣ ಬರೆಯಬಹುದು ಎಂದಾಯಿತು. ಎಪ್ಪತ್ತಾರರಲ್ಲಿ ಅನ್ಯಾಯಕ್ಕೊಳಗಾದವರ ಕಡತಗಳನ್ನು ಸಹಕಾರಿ ಸಂಘ ಮತ್ತೆ ತೆರೆಯುತ್ತಿದೆ. ಲೋಜಾಳ ಕಡತದಲ್ಲಿ ಈಗಲೂ ಇರುವುದು: ಬೆಲೆಚೀಟಿ ಒಂದು, ಮ್ಯಾನೇಜರ್ ನಿರ್ಲಕ್ಷ್ಯದಿಂದ ಕಳೆದದ್ದು, ಬೆಲೆ ಎಂಬಲ್ಲಿ ಒಂದು ಗೆರೆ. ಚೀಟಿಯನ್ನು ಅವಳ ಜೇಬಿನಿಂದ ಜನರೇ ಕಿತ್ತುಕೊಂಡರು ಎಂದು ಸಹಿ ಹಾಕಲು ಇಬ್ಬರು ಸಾಕ್ಷಿ ಬೇಕು, ಬುಧವಾರದೊಳಗೆ. ಆಗ ಅವಳಿಗೆ ಅಂಗಡಿ ವಾಪಸು ಸಿಗುತ್ತದೆ. ಪಾವೆಲ್ ಈಗ ಹೊಸ ಸಂಘಟನೆಯ ಬ್ಯಾಡ್ಜು ಚುಚ್ಚಿಕೊಂಡು ಓಡಾಡುತ್ತಾನೆ. ಚೀಟಿಯ ಮಾತೆತ್ತಿದರೆ ಯಾವ ಚೀಟಿ ಎನ್ನುತ್ತಾನೆ. ಪೆಲಾಗಿಯಾ ಅಜ್ಜಿ ತೀರಿಕೊಂಡಳು.

ಒಂದು ಸಹಿ ನನ್ನದು, ಆ ಸಾಲಿನಲ್ಲಿ ನಾನೂ ಇದ್ದೆ, ನಿನ್ನೆ ಹಾಕಿ ಬಂದೆ. ಆವತ್ತು ಹದಿನಾಲ್ಕನೇ ನಂಬರಿನ ಮುಂದೆ ಅರವತ್ತು ಜನ ಇದ್ದಿರಿ. ಎರಡೆರಡು ಕಿಲೋ ಸಕ್ಕರೆ ಒಯ್ದಿರಿ. ಓದುತ್ತಿರುವ ನೀನು ಅವರಲ್ಲಿ ಒಬ್ಬನಾಗಿದ್ದರೆ, ಒಬ್ಬಳಾಗಿದ್ದರೆ, ಪತ್ರಿಕೆ ಮಡಚಿಡು, ಕೋಟು ಹಾಕಿಕೋ, ಹೋಗಿ ಎರಡನೇ ಸಹಿ ಹಾಕು.