ಆರು ಗುಂಡಿ, ಹನ್ನೊಂದು ನಿಮಿಷ

ಅಂಗಿಯ ಗುಂಡಿಯಷ್ಟು ನಿರುಪದ್ರವಿ ವಸ್ತು ಇನ್ನೊಂದಿಲ್ಲವೆಂದು ನಂಬಿ ಅರುವತ್ತು ದಾಟಿದವನು ನಾನು. ಲಾಯಿಲದ ಮಾಂಟೆಸರಿ ಶಾಲೆಗೆ ಹೋಗುವ ನಾಲ್ಕು ವರ್ಷದ ಮೊಮ್ಮಗಳು ಸಾನ್ವಿ ಆ ನಂಬಿಕೆಯನ್ನು ಕೆಡಿಸಿದಳು. ತನ್ನ ಅಂಗಿಯ ಆರು ಗುಂಡಿ ತಾನೇ ಹಾಕಿಕೊಳ್ಳಲು ಅವಳಿಗೆ ಹನ್ನೊಂದು ನಿಮಿಷ ಬೇಕು. ಒಂದು ಬೆಳಿಗ್ಗೆ ಶಾಲೆಯ ವ್ಯಾನು ಗೇಟಿನಲ್ಲಿ ಹಾರನ್ ಹಾಕುತ್ತಿದ್ದಾಗ, ಪರೋಪಕಾರಾರ್ಥಮಿದಂ ಶರೀರಂ ಎಂದುಕೊಂಡು ಕೊನೆಯ ಗುಂಡಿಯನ್ನು ನಾನೇ ಹಾಕಿಬಿಟ್ಟೆ. ಅವಳು ಆರನ್ನೂ ಬಿಚ್ಚಿ ಮೊದಲಿನಿಂದ ಶುರುಮಾಡಿದಳು. ವ್ಯಾನು ಹೋಯಿತು.

ಈ ಅಪರಾಧದ ಬಳಿಕ ಶಾಲೆಯವರು ಅಜ್ಜ-ಅಜ್ಜಿಯರನ್ನು ತರಗತಿ ನೋಡಲು ಕರೆದರು. ಪುಟ್ಟ ಹೂಜಿಯಿಂದ ಲೋಟಕ್ಕೆ ನೀರು ಸುರಿಯುತ್ತಿದ್ದ ಒಂದು ಮಗು ಅರ್ಧವನ್ನು ಚಾಪೆಗೆ ಅಭಿಷೇಕ ಮಾಡಿತು. ನಾನು ಎದ್ದೆ. ಟೀಚರಮ್ಮ ಕಣ್ಣಲ್ಲೇ ನನ್ನನ್ನು ಕೂರಿಸಿದರು. ಅವರ ಎರಡೂ ಕೈ ಬೆನ್ನ ಹಿಂದೆ ಇದ್ದವು. ಮಗು ತಾನೇ ಬಟ್ಟೆ ತಂದು ಒರೆಸಿ, ಮತ್ತೆ ಸುರಿಯಿತು. ಮಕ್ಕಳನ್ನು ಕೈಕಟ್ಟಿ ಕೂರಿಸುವುದೇ ವಿದ್ಯಾದಾನವೆಂದು ತಿಳಿದು ಮೂಡುಬಿದಿರೆಯಲ್ಲಿ ಮೂವತ್ತು ವರ್ಷ ಪಾಠಮಾಡಿದ ನನಗೆ, ಮೇಷ್ಟ್ರೇ ಕೈಕಟ್ಟಿ ನಿಲ್ಲುವ ಶಾಲೆಯನ್ನು ಕಂಡು ಸ್ವಲ್ಪ ಸಂಕಟವೇ ಆಯಿತು.

ಅದೇ ವಾರ ಮೂಡುಬಿದಿರೆಯ ಹಳೆ ವಿದ್ಯಾರ್ಥಿಗಳು ನನಗೆ ಸನ್ಮಾನ ಇಟ್ಟುಕೊಂಡಿದ್ದರು. ನಾನು ಮಾತಾಡಬೇಕಾದ ವಿಷಯ 'ಶಿಸ್ತು'. ನನ್ನ ಅಂಗಿಯ ಕಡೆಯ ತಪಾಸಣೆ ಮದುವೆಯಾದಂದಿನಿಂದ ಹೆಂಡತಿಯದು. ಅವಳು ಸನ್ಮಾನದ ದಿನ ಬೆಳಿಗ್ಗೆಯೇ ಪೊಳಲಿ ದೇವಸ್ಥಾನಕ್ಕೆ ಹೋಗಿದ್ದಳು. ಹೊಸ ಅಂಗಿಯನ್ನು ನಾನೇ ಹಾಕಿಕೊಂಡೆ. ಸಾನ್ವಿ ಬಾಗಿಲ ಬಳಿ ನಿಂತು ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಮೆಚ್ಚುಗೆ ಎಂದುಕೊಂಡೆ.

ಭಾಷಣ ಚೆನ್ನಾಗಿಯೇ ಆಯಿತು, ಸಭೆ ನಿರೀಕ್ಷೆಗಿಂತ ಹೆಚ್ಚು ನಕ್ಕಿತು. ಹಿಂದಿರುಗುವ ಬಸ್ಸಿನಲ್ಲಿ ಮೊಬೈಲಿಗೆ ಬಂದ ಫೋಟೊ ನೋಡಿದಾಗ ಕಾರಣ ತಿಳಿಯಿತು: ಒಂದು ಗುಂಡಿ ತಪ್ಪಿ, ಅಂಗಿಯ ಎಡಭಾಗ ಬಲಭಾಗಕ್ಕಿಂತ ನಾಲ್ಕು ಬೆರಳು ಕೆಳಗೆ ಇಳಿದಿತ್ತು. ಶಾಲು ಹೊದಿಸಿದ ಮೇಲೆ ತೆಗೆದದ್ದು ಒಂದೇ ಫೋಟೊ, ಉಳಿದವೆಲ್ಲ ಮೊದಲಿನವು. ನನಗೆ ನಿಜಕ್ಕೂ ಅಳು ಬರುವಷ್ಟು ನಾಚಿಕೆಯಾಯಿತು. ಸನ್ಮಾನದ ಹಣ್ಣಿನ ಬುಟ್ಟಿಯನ್ನು ಎದೆಗವಚಿಕೊಂಡು ಮನೆ ಸೇರಿದೆ.

"ಬೆಳಿಗ್ಗೆ ನೀನು ನೋಡಿದ್ದೀಯಾ?" ಎಂದು ಸಾನ್ವಿಯನ್ನು ಕೇಳಿದೆ.

"ಹ್ಞೂಂ. ಒಂದು ತಪ್ಪಿತ್ತು."

"ಮತ್ತೆ ಹೇಳ್ಲಿಕ್ಕೆ ಏನಾಗಿತ್ತು ಮಾರಾಯ್ತಿ?"

"ನೀವೇ ಮಾಡ್ತಾ ಇದ್ರಿ ಅಲ್ವಾ ಅಜ್ಜ. ನಾನು ಕಾದೆ. ನೀವು ಬೇಗ ಹೋದ್ರಿ."

ಆ ಬೆಳಿಗ್ಗೆ ಅವಳ ಕೈಗಳು ಎಲ್ಲಿದ್ದವೆಂದು ಆಗ ನೆನಪಾಯಿತು. ನಾನು ಅವಳಿಗೆ ತೋರಿಸದ ಮರ್ಯಾದೆಯನ್ನು ಅವಳು ನನಗೆ ತೋರಿಸಿದ್ದಳು. ಜಗಲಿಯಲ್ಲಿ ಕುಳಿತು ಆರೂ ಗುಂಡಿ ಬಿಚ್ಚಿ, ಕೆಳಗಿನಿಂದ ಶುರುಮಾಡಿದೆ. ಪೊಳಲಿಯಿಂದ ಬಂದಿದ್ದ ಹೆಂಡತಿ ನನ್ನ ಅವಸ್ಥೆ ನೋಡಿ, "ಅಯ್ಯೋ, ಇಲ್ಲಿ ಬನ್ನಿ, ನಾನು ಹಾಕ್ತೇನೆ" ಎಂದು ಕೈ ಚಾಚಿದಳು.

"ಅಜ್ಜೀ, ಕೈ ಹಿಂದೆ!" ಎಂದಳು ಸಾನ್ವಿ.

ಮದುವೆಯಾದಂದಿನಿಂದ ಯಾರ ಮಾತಿಗೂ ಹಿಂದೆ ಹೋಗದ ಆ ಕೈಗಳು ಮೆಲ್ಲಗೆ ಹಿಂದಕ್ಕೆ ಹೋದವು. ಇಬ್ಬರೂ ಕಾದರು. ನನಗೆ ಹನ್ನೆರಡು ನಿಮಿಷ ಹಿಡಿಯಿತು.