ಶಕುಂತಲಕ್ಕನ ಹಳೆ ಬಾಗಿಲುಗಳು

೨೦೦೩ನೇ ಇಸವಿ. ಹೈದರಾಬಾದಿನಲ್ಲಿ ನಾನು ಒಳಾಂಗಣ ವಿನ್ಯಾಸಕಿಯಾಗಿ ಸ್ವಂತ ಕೆಲಸ ಆರಂಭಿಸಿ ಆರೇಳು ವರ್ಷಗಳಾಗಿದ್ದವು. ಮಾದಾಪುರ, ಕೊಂಡಾಪುರಗಳಲ್ಲಿ ಹೊಸ ಅಪಾರ್ಟ್‌ಮೆಂಟುಗಳು ಏಳುತ್ತಿದ್ದ ಕಾಲ ಅದು. ಬಂದವರೆಲ್ಲ ಕೇಳುತ್ತಿದ್ದದ್ದು ಮಾಡ್ಯುಲರ್ ಕಿಚನ್, ಫಾಲ್ಸ್ ಸೀಲಿಂಗ್, ಮುಖ ಕಾಣುವಷ್ಟು ಹೊಳೆಯುವ ಲ್ಯಾಮಿನೇಟ್. ಹಳೆಯ ಸಾಮಾನೆಂದರೆ ಹೊಸ ಮನೆಗೆ ಹೋಗುವ ಮುನ್ನ ಗುಜರಿಯವನಿಗೆ ಹಾಕುವ ವಸ್ತು, ಅಷ್ಟೇ.

ಒಂದು ದಿನ ಬಸವರಾಜ ಪಾಟೀಲ ಎಂಬವರು ಫೋನ್ ಮಾಡಿದರು. ನಮ್ಮ ಕಲಬುರಗಿ ಕಡೆಯವರು. ಹೈದರಾಬಾದಿನ ಸರ್ಕಾರಿ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್. ಅವರ ಅಕ್ಕ ಶಕುಂತಲಾ ಕೂಕಟ್‌ಪಲ್ಲಿಯಲ್ಲಿ ಒಂದು ಸಣ್ಣ ಫ್ಲ್ಯಾಟ್ ಕೊಂಡಿದ್ದರು. "ಮೇಡಂ, ನಮ್ಮಕ್ಕಗ ಕಣ್ಣು ಹೋಗಾಕತ್ತಾವ್ರಿ. ನಮ್ಮ ಮನ್ಯಾಗ ಇರು ಅಂದ್ರ ಕೇಳವಲ್ಲಳು. ಒಬ್ಬಾಕಿನ ಇರತಾಳಂತ. ಬೀಳದಂಗ ಒಂದು ಮನಿ ಮಾಡಿಕೊಡ್ರಿ" ಎಂದರು.

ಶಕುಂತಲಕ್ಕ ಒಂದು ರಕ್ಷಣಾ ಘಟಕದಲ್ಲಿ ಇಪ್ಪತ್ತಕ್ಕೂ ಹೆಚ್ಚು ವರ್ಷ ಯಂತ್ರಭಾಗಗಳ ನಕ್ಷೆ ಬಿಡಿಸಿದವರು. ಮದುವೆಯಾಗಿರಲಿಲ್ಲ. ಅವರಿಗಿದ್ದದ್ದು ರೆಟಿನೈಟಿಸ್ ಪಿಗ್ಮೆಂಟೋಸಾ ಎಂಬ ಕಾಯಿಲೆ. ಇದರಲ್ಲಿ ಕಣ್ಣಿನ ಒಳಪರದೆ ನಿಧಾನವಾಗಿ ಸವೆಯುತ್ತದೆ. ಮೊದಲು ಕತ್ತಲಲ್ಲಿ ಕಾಣುವುದು ನಿಲ್ಲುತ್ತದೆ, ಆಮೇಲೆ ಅಕ್ಕಪಕ್ಕದ್ದು ಅಳಿಸುತ್ತ ಬಂದು ಕೊನೆಗೆ ಕೊಳವೆಯೊಳಗಿಂದ ನೋಡಿದಂತೆ ಎದುರಿನ ಒಂದು ಚೂರು ಉಳಿಯುತ್ತದೆ. ಗೆರೆಗಳು ಕೂಡದೇ ಹೋದಾಗ ಅವರು ಸ್ವಯಂ ನಿವೃತ್ತಿ ಪಡೆದಿದ್ದರು. ನಾನು ಭೇಟಿಯಾದಾಗ ಆ ಚೂರೂ ಮಸುಕಾಗತೊಡಗಿತ್ತು.

ನಾನು ನಿಯಮದಂತೆ ಒಂದು ಯೋಜನೆ ಸಿದ್ಧಪಡಿಸಿದೆ. ಪೀಠೋಪಕರಣ ಕಡಿಮೆ, ಮೂಲೆಗಳೆಲ್ಲ ದುಂಡಗೆ, ಬಿಳಿ ಗೋಡೆ, ಉದ್ದಕ್ಕೂ ಸ್ಟೀಲಿನ ಕೈಪಟ್ಟಿ. ಲ್ಯಾಮಿನೇಟಿನ ಮಾದರಿಗಳನ್ನು ಅವರ ಮುಂದಿಟ್ಟೆ. ಅವರು ಒಂದೊಂದನ್ನೂ ಬೆರಳಿನಿಂದ ಸವರಿ ಪಕ್ಕಕ್ಕಿಟ್ಟರು.

"ತಂಗೀ, ಇದು ದವಾಖಾನಿ ಆತವಾ. ಇವೆಲ್ಲಾ ಕೈಗೆ ಒಂದ ನಮೂನಿ ಹತ್ತತಾವು. ನಾ ಅಡಗಿಮನಿ ಮುಂದ ನಿಂತೀನೋ, ಬಚ್ಚಲ ಮುಂದ ನಿಂತೀನೋ, ಇದು ನನಗ ಹೆಂಗ ಹೇಳಬೇಕು?"

ಉತ್ತರ ಅವರಲ್ಲಿತ್ತು. "ಹಳೆ ಸಾಮಾನು ಹಂಗಲ್ಲ ನೋಡು. ಒಂದರ ಮೈ ಇನ್ನೊಂದಕ್ಕ ಇರಂಗಿಲ್ಲ. ನನಗ ಅವು ಬೇಕು."

ಪುರಾನಾಪೂಲ್ ಹತ್ತಿರ ಗುರುವಾರ ನೆರೆಯುವ ಜುಮೇರಾತ್ ಬಜಾರಿಗೆ ನಾವಿಬ್ಬರೂ ಹೋದೆವು. ಕೆಡವಿದ ಮನೆಗಳ ಬಾಗಿಲು, ಕಿಟಕಿ, ಹಿತ್ತಾಳೆ, ಗಾಜು, ಒಡೆದ ಗ್ರಾಮಫೋನು ಎಲ್ಲವೂ ನೆಲದ ಮೇಲೆ ಹರಡಿರುತ್ತಿತ್ತು. ನಾನು ಕಣ್ಣಿಗೆ ಚೆಂದ ಕಂಡದ್ದರ ಕಡೆ ಎಳೆದರೆ ಅವರು ತಮ್ಮ ಕೈಗೆ ಒಪ್ಪಿದ್ದರ ಮುಂದೆ ಕುಕ್ಕರಗಾಲಿನಲ್ಲಿ ಕೂತುಬಿಡುತ್ತಿದ್ದರು. ಒಂದು ತೇಗದ ಬಾಗಿಲನ್ನು ಬೆರಳ ಗೆಣ್ಣಿನಿಂದ ಮೇಲಿನಿಂದ ಕೆಳಗಿನವರೆಗೆ ತಟ್ಟುತ್ತ ಹೋಗಿ, ಕೆಳತುದಿಗೆ ಬಂದಾಗ ತಲೆಯಾಡಿಸಿದರು. "ಇಲ್ಲಿ ಪೊಳ್ಳೈತಿ. ಗೆದ್ದಲ ತಿಂದೈತಿ." ಅಂಗಡಿಯವನು ನಕ್ಕು, ಹಿಂದಿನಿಂದ ಬೇರೊಂದು ಬಾಗಿಲು ತಂದಿಟ್ಟ. ಅದರ ತುಂಬ ಕೆತ್ತಿದ ಹೂಬಳ್ಳಿ. ಅವರ ಅಂಗೈ ಆ ಬಳ್ಳಿಯ ಮೇಲೆ ಎಷ್ಟೋ ಹೊತ್ತು ಓಡಾಡಿತು. ಬಿಸಿಲು ಏರುತ್ತಿತ್ತು, ನನಗೆ ನೀರಡಿಕೆಯಾಗಿತ್ತು, ಆದರೂ ಏಳೋಣ ಎನ್ನಲು ಮನಸ್ಸಾಗಲಿಲ್ಲ.

ಅಂಥ ಮೂರ್ನಾಲ್ಕು ಗುರುವಾರಗಳಲ್ಲಿ ಮನೆಯ ಸಾಮಾನು ಕೂಡಿತು. ಹೂಬಳ್ಳಿಯ ಬಾಗಿಲನ್ನು ಪಟ್ಟಿಗಳಾಗಿ ಬಿಡಿಸಿ, ಮಲಗುವ ಕೋಣೆಯ ಕಡೆಯ ಗೋಡೆಗೆ ಕೈಯೆತ್ತರದಲ್ಲಿ ಕೂರಿಸುವುದು. ಅಡುಗೆಮನೆಯ ಕಡೆಗೆ ಉಬ್ಬಿದ ಕಬ್ಬಿಣದ ಗುಬ್ಬಿ ಮೊಳೆಗಳಿದ್ದ ಇನ್ನೊಂದು ಒರಟು ಬಾಗಿಲು. ಬಚ್ಚಲಿನ ಪಕ್ಕ ಯಾವುದೋ ಹಳೆ ಮನೆಯ ಬಾಲ್ಕನಿಯ ಎರಕದ ಕಬ್ಬಿಣದ ಜಾಲರಿ; ಕೈಗೆ ತಣ್ಣಗೆ ತಗುಲಿದರೆ ಅಲ್ಲಿ ನೀರಿನ ಜಾಗ. ಅಡುಗೆಮನೆಗೆ ಡಬ್ಬಿಗಳ ಬದಲು ಧಾನ್ಯ ಅಳೆಯುವ ಹಿತ್ತಾಳೆಯ ಮಾಪುಗಳಿಗೆ ಮುಚ್ಚಳ ಮಾಡಿಸಿದೆವು. ಮುಟ್ಟಿದ ಗಾತ್ರದಿಂದಲೇ ತಿಳಿಯುವಂತೆ ಪಾವಿನಲ್ಲಿ ಉಪ್ಪು, ಅಚ್ಚೇರಿನಲ್ಲಿ ಸಕ್ಕರೆ, ಸೇರಿನಲ್ಲಿ ಬೇಳೆ. ಸೂರಿಗೆ ತೂಗುಹಾಕುವ ಎರಡು ನೀಲಿ ಗಾಜಿನ ಹಂಡಿ ದೀಪಗಳನ್ನೂ ಅವರು ಬಿಡಲಿಲ್ಲ. ನಿಮಗೇಕೆ ಎಂದು ನಾನು ಕೇಳುವ ಮುನ್ನ ಅವರೇ ಹೇಳಿದರು: "ಬಂದವರು ಕತ್ತಲದಾಗ ಕುಂದ್ರಬೇಕೇನು?"

ನಮ್ಮ ಬಡಗಿ ಮಲ್ಲೇಶ್ ಒಳ್ಳೆಯ ಕೆಲಸಗಾರ. ಬಾಗಿಲು ಬಂದ ದಿನವೇ ಮರವನ್ನು ನುಣುಪು ಮಾಡುವ ಯಂತ್ರ ಹಿಡಿದು ಸಿದ್ಧನಾಗಿದ್ದ. ಅದರ ಸದ್ದು ಕೇಳಿದ್ದೇ ಶಕುಂತಲಕ್ಕ ಒಳಗಿನಿಂದ "ಆಗಂಡಿ, ಆಗಂಡಿ!" ಎಂದು ತೆಲುಗಿನಲ್ಲಿ ಅವನನ್ನು ನಿಲ್ಲಿಸಲು ಕೂಗುತ್ತ ಬಂದರು. ಸಿಬಿರು ಮಾತ್ರ ತೆಗೆಯಬೇಕು, ಅಗಸೆ ಎಣ್ಣೆ ತಿಕ್ಕಬೇಕು, ಮರದ ಮೈಯನ್ನು ನುಣುಪಾಗಿಸುವ ಮೆಲಮೈನ್ ಪಾಲಿಶ್ ಮುಟ್ಟಿಸಬಾರದು. ಮಲ್ಲೇಶ್ ಮುಖ ಸಪ್ಪಗಾಯಿತು. ಪಾಲಿಶ್ ಇಲ್ಲದ ಕೆಲಸ ತನ್ನದೆಂದು ಹೇಗೆ ಹೇಳಿಕೊಳ್ಳುವುದು? ಆದರೂ ಮರಳು ಕಾಗದ ಹಿಡಿದು ಅಂಗುಲ ಅಂಗುಲವನ್ನೂ ಕೈಯಲ್ಲೇ ತಿಕ್ಕಿದ. ಸಂಜೆ ಹೊತ್ತು ಅಕ್ಕ ಸವರಿ ನೋಡಿ, ಎಲ್ಲಿ ಚುಚ್ಚುತ್ತದೆ ಎಂದು ತೋರಿಸುತ್ತಿದ್ದರು. ಕೆಲಸ ಮುಗಿಯುವ ಹೊತ್ತಿಗೆ ಅವನೂ ಕಣ್ಣು ಮುಚ್ಚಿಯೇ ಮರ ಪರೀಕ್ಷಿಸುತ್ತಿದ್ದ.

ದಸರೆಗೆ ಅಕ್ಕ ಆ ಮನೆಗೆ ಬಂದರು. ಹಜಾರದ ಉದ್ದಕ್ಕೂ ಕೈ ಆಡಿಸುತ್ತ, ಗೋಡೆಯೊಡನೆ ಮಾತಾಡುವವರಂತೆ ಅವರು ಸರಾಗವಾಗಿ ನಡೆದರು. ಅದು ನಾನು ಮಾಡಿದ ಮನೆಗಳಲ್ಲೆಲ್ಲ ಅತ್ಯಂತ ಚೆಲುವಾದದ್ದು. ಆ ಚೆಲುವಿನಲ್ಲಿ ಮುಕ್ಕಾಲು ಪಾಲು ಅವರದು.

ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಬಸವರಾಜರ ಫೋನ್. ರಾತ್ರಿ ಅಕ್ಕ ಬಿದ್ದಿದ್ದರು. ಎಡಗೈಯ ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟಿತ್ತು.

"ನೀವು ಮನಿ ಮಾಡಿಲ್ರಿ, ಗುಜರಿ ಅಂಗಡಿ ಮಾಡೀರಿ! ಕಣ್ಣು ಕಾಣದಾಕಿ ಸುತ್ತಲೂ ಕಬ್ಬಿಣ, ಕಟಗಿ! ಎಲ್ಲಾ ಕಿತ್ತು ಹಾಕಸ್ತೀನಿ. ಫ್ಲ್ಯಾಟ್ ಬಾಡಿಗಿಗೆ ಕೊಟ್ಟು ಅಕ್ಕನ್ನ ಕರಕೊಂಡು ಹೊಕ್ಕೀನಿ."

ನಾನು ಮಲ್ಲೇಶನನ್ನು ಕರೆದುಕೊಂಡು ಓಡಿದೆ. ದಾರಿಯುದ್ದಕ್ಕೂ ಇಬ್ಬರಿಗೂ ಒಂದೇ ಯೋಚನೆ. ಯಾವುದಾದರೂ ಪಟ್ಟಿ ಕಳಚಿತೇ? ಮೊಳೆ ಎದ್ದಿತೇ? ಹೋಗಿ ಒಂದೊಂದನ್ನೂ ಎಳೆದು ನೋಡಿದೆವು, ಎಲ್ಲ ಭದ್ರವಾಗಿತ್ತು. ಪ್ಲಾಸ್ಟರ್ ಹಾಕಿದ ಕೈಯನ್ನು ಎದೆಗವಚಿಕೊಂಡು ಅಕ್ಕ ಕುರ್ಚಿಯಲ್ಲಿ ಕುಳಿತಿದ್ದರು. ಬಸವರಾಜರು ನಿಂತೇ ಇದ್ದರು. ಅವರ ಸಿಟ್ಟಿನೊಳಗೆ ಹೆದರಿಕೆ ಇರುವುದು ಕಾಣುತ್ತಿತ್ತು.

"ಬಸೂ, ಕಿತ್ತು ಹಾಕೂಕ್ಕಿಂತ ಮೊದಲು ನನ್ನ ಜೋಡಿ ಒಮ್ಮೆ ನಡಿ" ಎಂದರು ಅಕ್ಕ.

ಅವರು ಬಲಗೈಯನ್ನು ಗೋಡೆಗೆ ಹಚ್ಚಿ ಹೊರಟರು. ಬಸವರಾಜರು ಹಿಂದೆ ಹಿಂದೆ ನಡೆದರು. "ಇಲ್ಲಿ ಗುಬ್ಬಿ ಮುಗೀತು. ಇನ್ನ ಅಡಗಿಮನಿ ಹಿಂದ ಆತು. ಇಲ್ಲಿ ತಣ್ಣಗ ಹತ್ತಿತು, ಬಚ್ಚಲ. ಇಲ್ಲಿಂದ ಹೂ ಸುರು. ಹೂ ಮುಗಿದ ಕೂಡಲೆ ನನ್ನ ಕ್ವಾಣಿ." ಕೋಣೆಯ ಬಾಗಿಲಲ್ಲಿ ಅವರು ನಿಂತು, ಒಂದು ಕಾಲನ್ನು ಮುಂದಿಟ್ಟು ಮೆಲ್ಲಗೆ ಒತ್ತಿದರು. "ಇಲ್ಲಿ ಕಾಲಿಗೆ ಏನೋ ಮೆತ್ತಗ ಹತ್ತತೈತಿ. ಇದು ಎಂದು ಬಂತು ಅಂತ ನನಗ ಯಾರೂ ಹೇಳಿಲ್ಲ."

ಹೊಸ ಕಂಬಳಿಯಂಥ ಒಂದು ದಪ್ಪ ಜಮಖಾನೆ, ನುಣ್ಣನೆಯ ಟೈಲ್ಸ್ ಮೇಲೆ ಹಾಸಿತ್ತು; ಕಾಲಿಟ್ಟರೆ ಜಾರುತ್ತಿತ್ತು. ಅಕ್ಕನೇ ಕೊಂಡದ್ದಿರಬೇಕೆಂದು ನಾನದನ್ನು ದಾಟಿಕೊಂಡೇ ಓಡಾಡಿದ್ದೆ.

ಬಸವರಾಜರ ಮುಖ ಬಿಳುಚಿತು. ಚಳಿಗಾಲ ಬಂತು, ಅಕ್ಕನ ಕಾಲಿಗೆ ತಂಪು ತಗುಲಬಾರದು ಎಂದು ಹಿಂದಿನ ದಿನ ಸಂಜೆ ಅವರೇ ತಂದು ಹಾಸಿದ್ದರು. ಆಗ ಅಕ್ಕ ಪಕ್ಕದ ಮನೆಗೆ ಹೋಗಿದ್ದರು. ಹೇಳಬೇಕೆಂದಿದ್ದದ್ದು, ಯಾವುದೋ ಮಾತಿನಲ್ಲಿ ಮರೆತುಹೋಗಿತ್ತು.

ಬಸವರಾಜರು ನೆಲದ ಮೇಲೆ ಕೂತು ಜಮಖಾನೆಯ ಅಂಚನ್ನು ಹಿಡಿದುಕೊಂಡರು. "ನಿನಗ ಗೊತ್ತಿತ್ತೇನಕ್ಕಾ?"

"ಬಿದ್ದ ಕೂಡಲೇ ಕೈಗೆ ಹತ್ತಿತಲ್ಲೋ. ಮೊನ್ನೆ ನೀ ಬಂದಾಗ, ಅಕ್ಕಾ ಕಾಲು ತಂಪಾಗ್ಯಾವ ಅಂದಿದ್ದಿ. ಮತ್ತ ಯಾರು ತರತಾರ?"

"ಮತ್ತ ನಾ ಇವರಿಗೆ ಅಷ್ಟು ಬೈದಾಗ ಸುಮ್ಮನ ಯಾಕ ಕುಂತಿ?"

"ಫೋನಿನಾಗ ಬೈಕೋತನ ನೀ ಅಳಾಕತ್ತಿದ್ದಿ. ಆವಾಗ ಹೆಂಗ ಹೇಳಲಿ?"

ಬಸವರಾಜರು ಎದ್ದು ಜಮಖಾನೆ ಸುತ್ತಿ ಹೊರಗೆ ಎಸೆಯಲು ಹೊರಟರು. ಅಕ್ಕ ತಡೆದರು. ತಮ್ಮ ಕೊಟ್ಟದ್ದನ್ನು ಎಸೆಯಲು ಅವರೊಪ್ಪಲಿಲ್ಲ. ಮಲ್ಲೇಶನನ್ನು ಕರೆದು, ಉಳಿದಿದ್ದ ಹಳೆ ಬಾಗಿಲಿನ ಚೌಕಟ್ಟಿಗೆ ಅದನ್ನು ಬಿಗಿದು ಮಂಚದ ತಲೆದೆಸೆಗೆ ನಿಲ್ಲಿಸಲು ಹೇಳಿದರು. ಒರಗಿ ಕೂರಲು ಬೆಚ್ಚಗಿರುತ್ತದೆ, ಕೈಗೆ ಮೆತ್ತಗೆ ಹತ್ತಿದರೆ ಹಾಸಿಗೆ ಬಂತೆಂದು ತಿಳಿಯುತ್ತದೆ ಎಂಬುದು ಅವರ ಲೆಕ್ಕ. ಚೌಕಟ್ಟನ್ನು ಒಂದು ಕಡೆ ಹಿಡಿದುಕೊಂಡವರು ಬಸವರಾಜರೇ. ಹೊರಡುವಾಗ ನನ್ನ ಮುಂದೆ ಕೈಜೋಡಿಸಿ, "ತಪ್ಪು ತಿಳಕೋಬ್ಯಾಡ್ರಿ ಮೇಡಂ" ಎಂದರು. ಅವರ ಮೇಲೆ ನನಗೆ ಸಿಟ್ಟೇನೂ ಉಳಿದಿರಲಿಲ್ಲ.

ಶಕುಂತಲಕ್ಕ ಆ ಮನೆಯಲ್ಲಿ ಹತ್ತು ವರ್ಷಕ್ಕೂ ಹೆಚ್ಚು ಕಾಲ ಒಬ್ಬರೇ ಬಾಳಿದರು. ಕಣ್ಣು ಪೂರ್ತಿ ಹೋದ ಮೇಲೂ ಜೋಳದ ರೊಟ್ಟಿ ತಟ್ಟಿ ನನಗೆ ಬಡಿಸಿದ್ದುಂಟು.

ಮುಂದೆ ಹಳೆ ಸಾಮಾನಿನಿಂದ ಮನೆ ಸಿಂಗರಿಸುವುದು ಶೋಕಿಯಾಯಿತು. ನನಗೂ ಅಂಥ ಕೆಲಸ ಬಹಳ ಬಂತು. ಹಳೆ ಬಾಗಿಲು ತಂದು, ಇದನ್ನು ಎಲ್ಲಿಟ್ಟರೆ ಚೆಂದ ಎಂದು ಜನ ಕೇಳುವಾಗ, ನಾನು ಮೊದಲು ಕೇಳುವುದು ಆ ಮನೆಯಲ್ಲಿ ದಿನವಿಡೀ ಇರುವವರು ಯಾರೆಂದು. ಮುದುಕಿಯೋ, ಕೂಸೋ, ಯಾರೇ ಇರಲಿ, ಅವರನ್ನು ಕರೆಸಿ ಆ ಮರದ ಮೇಲೆ ಕೈಯಿಡಿಸುತ್ತೇನೆ. ಕೆಲವರು ನಗುತ್ತಾರೆ, ಹೊತ್ತೂ ಹಿಡಿಯುತ್ತದೆ. ಆದರೆ ವೃತ್ತಿ ನನಗೆ ಕಲಿಸಿದ್ದು ಇಷ್ಟೇ: ಎಷ್ಟೇ ಅಕ್ಕರೆ ಇರಲಿ, ಅಲ್ಲಿ ಬಾಳುವವರನ್ನು ಕೇಳದೆ ಯಾರ ಮನೆಯಲ್ಲೂ ಒಂದು ಮೊಳೆಯನ್ನೂ ಹೊಡೆಯಬಾರದು.